ಮುದ್ದೆ ತಿರುವೋ ಕೈಗೆ ಪಿಜ್ಜಾ ಹಿಟ್ಟು

ನಮ್ಮ ಕಡೆ ಹೆಣ್ಣುಮಕ್ಕಳ ಕೈ ಎಂಥದ್ದು ಅಂತ ಯಾರೂ ಬಾಯಿ ಬುಟ್ಟು ಕೇಳಲ್ಲ, ತಟ್ಟೇಲಿರೋ ಮುದ್ದೆ ನೋಡಿ ಹೇಳ್ಬುಡ್ತಾರೆ. ಗಂಟಿಲ್ಲದಂಗೆ ನುಣ್ಣಗಿದ್ದು, ಮಡಗಿದ ಜಾಗದಲ್ಲೇ ಗಟ್ಟಿಯಾಗಿ ಕೂತಿದ್ದು, ಮುರುದ್ರೆ ಒಳಗಿಂದ ಹಬೆ ಬಂದ್ರೆ "ಈವಮ್ಮನ ಕೈ ಚೆನ್ನಾಗದೆ" ಅಂತಾರೆ. ಹಸಿ ವಾಸನೆ ಬಂತೋ, ಗಂಟು ಸಿಕ್ತೋ, ಮುಗೀತು. ಉಂಡೋರು ಏನೂ ಅನ್ನಲ್ಲ, ಒಸಿ ಜಾಸ್ತಿ ಸಾರು ಬುಡಿಸ್ಕೊಂಡು ನುಂಗ್ತಾರೆ. ನಮಗೆ ಅಷ್ಟರಲ್ಲೇ ಗೊತ್ತಾಯ್ತದೆ. ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ, ಯಾವ ಕಡೆ ಸೊಸೆಯಾಗಿ ಹೋದ್ರೂ ಈ ಪರೀಕ್ಷೆ ಒಂದೇ.

ಹಿಟ್ಟು ತಿರುವೋದು ಅಂದ್ರೆ ಬರೀ ಕಲಸೋ ಕೆಲಸ ಅಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಎಸರು ಮರಳಬೇಕು, ಹಿಟ್ಟು ಸುರಿದು ಬೇಯಕ್ಕೆ ಬುಡಬೇಕು, ಆಮೇಲೆ ಪಾತ್ರೆ ಅಲ್ಲಾಡದಂಗೆ ಒತ್ತಿ ಹಿಡ್ಕೊಂಡು ಕೋಲಾಡಿಸಬೇಕು. ಆ ಬಲವೆಲ್ಲಾ ಬರೋದು ರಟ್ಟೆಯಿಂದ, ತಿರುವೋದು ಮಣಿಕಟ್ಟಿನಿಂದ. ನಮ್ಮನೇಲಿ ಐದು ಜನ. ಎರಡು ಹೊತ್ತು ಮುದ್ದೆ. ಹತ್ತೊಂಬತ್ತು ವರ್ಷದಿಂದ ಆ ಕೋಲು ನನ್ನ ಕೈಲಿತ್ತು.

ಹೋದ ಕಾರ್ತೀಕ ಮಾಸದಲ್ಲಿ ಮಳೆ ನಿಂತ ಮೇಲೆ ಹಿತ್ತಲಿಗೆ ಹೋದೋಳು ಪಾಚಿ ಮೇಲೆ ಜಾರಿಬಿದ್ದೆ. ಬಲಗೈ ಊರಿದ್ದಕ್ಕೆ ಮಣಿಕಟ್ಟಿನ ಮೂಳೆ ಮುರೀತು. ಆರು ವಾರ ಪಟ್ಟಿ. ಪಟ್ಟಿ ತಗುದಾಗ ನೋಡಿದ್ರೆ ಕೈ ಸೊರಗಿ ಒಣಕಡ್ಡಿ ಆದಂಗಾಗಿತ್ತು, ಮಣಿಕಟ್ಟು ಅತ್ಲಾಗೂ ತಿರುಗದು, ಇತ್ಲಾಗೂ ತಿರುಗದು. ಬೆರಳು ಮಾತ್ರ ಆಡ್ತಿದ್ವು. ಡಾಕ್ಟ್ರು, "ಬೆರಳಿಗೆ ಕೆಲಸ ಕೊಡಿ, ಮೆತ್ತಗಿರೋದು ಏನಾದ್ರೂ ಹಿಸುಕ್ತಾ ಇರಿ. ಆದ್ರೆ ಬಿಂದಿಗೆ ಎತ್ತೋದು, ಮುದ್ದೆ ತಿರುವೋದು ಈಗಲೇ ಬೇಡ" ಅಂದ್ರು. ಎಷ್ಟು ದಿನ ಅಂದ್ರೆ, "ನೋಡೋಣ" ಅಂದ್ರು.

ಆ "ನೋಡೋಣ" ಅನ್ನೋ ಮಾತು ನನ್ನ ಎದೇಲಿ ಕೂತ್ಬುಡ್ತು. ಎಪ್ಪತ್ತು ದಾಟಿದ ಅತ್ತೆ ಮತ್ತೆ ಕೋಲು ಹಿಡಿದ್ರು. ಅವರಿಗೆ ಭುಜದ ನೋವು ಬೇರೆ. ಅಡುಗೆಮನೇಲಿ ಕೋಲು ಪಾತ್ರೆಗೆ ತಾಗೋ ಸದ್ದು ಕೇಳಿದಾಗೆಲ್ಲಾ ನಾನು ನಡುಮನೇಲಿ ಸೊಪ್ಪು ಬುಡಿಸ್ತಾ ತಲೆ ಬಗ್ಗಿಸ್ಕೋತಿದ್ದೆ. ಯಾರೂ ನನ್ನ ಒಂದು ಮಾತೂ ಅನ್ನಲಿಲ್ಲ. ಬಂದೋರೆಲ್ಲಾ "ಕೈ ಎಂಗದವ್ವ?" ಅಂತ ಕೇಳಿ ಹೋಗೋರು. ನನ್ನೊಳಗಿನ ಕೇಳ್ವಿ ಬೇರೆ ಇತ್ತು. ಈ ಕೈ ಮೊದಲಿನಂಗೆ ಆಗದೇ ಇದ್ರೆ ಈ ಒಲೆ ಮುಂದೆ ನಾನು ಯಾರು?

ಸಂಕ್ರಾಂತಿಗೆ ಬೆಂಗಳೂರಿನಿಂದ ನಾದಿನಿ ಬಂದ್ಲು. ಕಾರಿಂದ ಒಂದು ಡಬ್ಬ ಇಳಿಸಿದ್ಲು. ಬ್ರೆಡ್ ಮೆಷೀನು. 2020ರ ಲಾಕ್‌ಡೌನಲ್ಲಿ ಎಲ್ಲರೂ ಮನೇಲೇ ಬ್ರೆಡ್ಡು, ಕೇಕು ಅಂತ ಹೊರಟಾಗ ತಗೊಂಡಿದ್ದಂತೆ. ಆಮೇಲೆ ಆಫೀಸು ಶುರುವಾಗಿ ಅದು ಮಂಚದ ಕೆಳಗೆ ಸೇರ್ತಂತೆ. "ಅತ್ತಿಗೆ, ಇದು ಹಿಟ್ಟು ತಾನೇ ನಾದ್ತದೆ. ನಿನ್ನ ಕೈ ಸರಿಹೋಗೋ ಗಂಟ ಇಟ್ಕೋ" ಅಂದ್ಲು. ಅತ್ತೆ ಮುಚ್ಚಳ ಎತ್ತಿ ಒಳಗೆ ಇಣುಕಿ, "ಇದೇನಮ್ಮಿ, ಅಕ್ಕಿ ಅಳೆಯೋ ಸೇರಿಗೆ ವೈರು ಹಾಕ್ಸವ್ರೆ?" ಅಂದ್ರು. ಎಲ್ಲಾರೂ ನಕ್ರು. ನಾನೂ ನಕ್ಕೆ. ಆಮೇಲೆ ಅದರ ಮೇಲೆ ಒಂದು ಟವಲ್ ಹೊದಿಸಿ ಅಟ್ಟದ ಕೆಳಗೆ ಮಡಗ್ದೆ. ಒಂದು ತಿಂಗಳು ಅದು ಅಲ್ಲೇ ಕೂತಿತ್ತು.

ಯಾಕೆ ಮುಟ್ಟಲಿಲ್ಲ ಅಂದ್ರೆ, ಹೆದರಿಕೆ. ಒಂದು, ಬಟನ್ನು ಮೇಲೆ ಬಟನ್ನು, ಎಲ್ಲಾ ಇಂಗ್ಲಿಷು. ಎರಡು, ಯೀಸ್ಟ್ ಅನ್ನೋದನ್ನ ನಾನು ಕಣ್ಣಲ್ಲಿ ನೋಡಿರಲಿಲ್ಲ. ಮೂರನೇದು ದೊಡ್ಡದು. ಕೈ ಇದ್ದಾಗ ಮಾಡಿದ ಅಡುಗೆ ಕೆಟ್ರೆ "ಇವತ್ತು ಯಾಕೋ ಹಂಗಾಯ್ತು" ಅನ್ನಬೌದು. ಕೈ ಕೆಟ್ಟಾಗ ಮೆಷೀನು ತಂದು ಅದರಲ್ಲೂ ಆಗಲಿಲ್ಲ ಅಂದ್ರೆ ಏನನ್ನೋದು?

ಮಗಳು ಎಂಟನೇ ಕ್ಲಾಸು. ಮಂಡ್ಯಕ್ಕೆ ಹೋದಾಗೆಲ್ಲಾ ಅವಳಿಗೂ ಅವಳಣ್ಣನಿಗೂ ಪಿಜ್ಜಾನೇ ಬೇಕು. ಶಿವರಾತ್ರಿ ಕಳೆದ ಮೇಲೆ ಒಂದು ಶನಿವಾರ ಸಂಜೆ ಆ ಟವಲ್ ತಾನೇ ತಗುದು, ಮೆಷೀನಿನ ಪುಸ್ತಕ ಹಿಡ್ಕೊಂಡು ಕೂತ್ಲು. "ಅವ್ವ, ಇದ್ರಲ್ಲಿ ಪಿಜ್ಜಾ ಹಿಟ್ಟು ಅಂತ ಒಂದು ನಂಬರೇ ಅದೆ. ನಾನು ಓದ್ತೀನಿ, ನೀನು ಮಾಡು" ಅಂದ್ಲು.

ಓದಿ ತಿಳ್ಕೊಂಡ ಮೇಲೆ ಅದು ಅಂಥಾ ಮಾಯಾಪೆಟ್ಟಿಗೆ ಏನಲ್ಲ. ಒಳಗೊಂದು ಪಾತ್ರೆ. ಪಾತ್ರೆ ತಳದಲ್ಲಿ ಹೆಬ್ಬೆಟ್ಟಿನಷ್ಟು ಉದ್ದದ ಒಂದು ಅಲಗು. ಕೆಳಗೆ ಮೋಟಾರು ಅಲಗನ್ನ ತಿರುಗಿಸ್ತದೆ. ಪಾತ್ರೆ ಸುತ್ತ ಕಾಯೋ ತಂತಿ. ಬ್ರೆಡ್ ಮಾಡೋದಾದ್ರೆ ನಾದಿ, ಉಬ್ಬಿಸಿ, ಬೇಯಿಸೋ ಗಂಟ ಅದೇ ಮಾಡ್ತದೆ. ಬರೀ ಹಿಟ್ಟಿನ ನಂಬರ್ ಒತ್ತಿದ್ರೆ ಇಪ್ಪತ್ತು, ಇಪ್ಪತ್ತೈದು ನಿಮಿಷ ನಾದಿ, ಆಮೇಲೆ ಒಂದು ಗಂಟೆ ಬೆಚ್ಚಗೆ ಮಡಗಿ ಕೂಗ್ತದೆ. ನಮ್ಮ ಮೆಷೀನಲ್ಲಿ ಒಟ್ಟು ಒಂದೂವರೆ ಗಂಟೆ. ಬೇಯಿಸೋದು ನಮಗೇ ಬುಟ್ಟಿದ್ದು.

ಇದು ಯಾರು ಕಂಡುಹಿಡಿದಿದ್ದು ಅಂತ ನೋಡ್ದಾಗ ನನಗೆ ಒಂದು ಕತೆ ಸಿಕ್ತು. ಅದನ್ನ ಓದಿದ ಮೇಲೇ ನನ್ನ ಅರ್ಧ ಹೆದರಿಕೆ ಇಳಿದಿದ್ದು, ಅದಕ್ಕೇ ಹೇಳ್ತೀನಿ ಕೇಳಿ. 1980ರ ದಶಕದಲ್ಲಿ ಜಪಾನಿನ ಮತ್ಸುಶಿತ ಅನ್ನೋ ಕಂಪನಿ, ಈಗ ಪ್ಯಾನಾಸೋನಿಕ್ ಅಂತೀವಲ್ಲ ಅದೇ, ಮನೇಲಿ ಬ್ರೆಡ್ ಮಾಡೋ ಮೆಷೀನು ಮಾಡಕ್ಕೆ ಹೊರಟಿತ್ತು. ಇಂಜಿನಿಯರುಗಳು ಏನು ಮಾಡಿದ್ರೂ ಬ್ರೆಡ್ ಮೇಲೆ ಸೀದೋಗೋದು, ಒಳಗೆ ಹಸಿ. ಮೆಷೀನು ನಾದಿದ ಹಿಟ್ಟನ್ನೂ, ಕೈಲಿ ನಾದಿದ ಹಿಟ್ಟನ್ನೂ ಎಕ್ಸ್‌ರೇ ತಗುದು ನೋಡಿದ್ರಂತೆ, ನನ್ನ ಕೈ ನೋಡ್ದಂಗೆ. ಆದ್ರೂ ಯಾಕೆ ಹಿಂಗೆ ಅಂತ ತಿಳೀಲಿಲ್ಲ. ಆಗ ಇಕುಕೊ ತನಾಕಾ ಅನ್ನೋ ಹೆಣ್ಣುಮಗಳು, ಅದೇ ಕಂಪನೀಲಿ ಸಾಫ್ಟ್‌ವೇರ್ ಕೆಲಸ ಮಾಡ್ತಿದ್ದೋಳು, ಒಸಾಕಾ ಇಂಟರ್‌ನ್ಯಾಶನಲ್ ಹೋಟೆಲಿನ ಬ್ರೆಡ್ ಮಾಡೋ ದೊಡ್ಡ ಬಾಣಸಿಗನ ಹತ್ರ ಹೋಗಿ ಕೆಲಸ ಕಲಿತ್ಲು. ನೋಡಿ ನೋಡಿ, ಮಾಡಿ ಮಾಡಿ ಅವಳಿಗೆ ಒಂದು ವಿಷಯ ಹೊಳೀತು. ಆತ ಹಿಟ್ಟನ್ನ ಬರೀ ಎಳೀತಿರಲಿಲ್ಲ, ಎಳೀತಾ ಎಳೀತಾ ತಿರುಚ್ತಿದ್ದ. ಅದನ್ನ ಮೆಷೀನಿಗೆ ಹೆಂಗೆ ಕಲಿಸೋದು? ಪಾತ್ರೆ ಒಳಗೋಡೆಗೆ ಏಣುಗಳನ್ನ ಕೂರಿಸಿದ್ರು. ಅಲಗು ತಿರುಗಿದಾಗ ಹಿಟ್ಟು ಆ ಏಣಿಗೆ ಸಿಕ್ಕಿ ತಿರುಚ್ಕೊಂಡಂಗೆ ಮಾಡಿದ್ರು. ಆಮೇಲೇ ಬ್ರೆಡ್ ಸರಿಯಾಯ್ತು.

ಇದನ್ನ ಅತ್ತೆಗೆ ಹೇಳ್ದೆ. ಅವರು ಎಲೆ ಅಡಿಕೆ ಮೆಲ್ತಾ ಕೇಳಿಸ್ಕೊಂಡು, "ಹಂಗಾದ್ರೆ ಈ ಡಬ್ಬಕ್ಕೂ ಒಬ್ಬರ ಕೈಯೇ ಗುರು ಅನ್ನು" ಅಂದ್ರು. ಆ ಮಾತು ನನಗೆ ತುಂಬಾ ಹಿಡಿಸ್ತು.

ಇನ್ನು ಹಿಟ್ಟಿನ ಮಾತು. ರಾಗಿಗೂ ಗೋಧಿಗೂ ಇರೋ ವ್ಯತ್ಯಾಸ ಗೊತ್ತಾದ್ರೆ ಪಿಜ್ಜಾ ಹಿಟ್ಟು ಅರ್ಧ ಗೊತ್ತಾದಂಗೆ. ಗೋಧೀಲಿ ಎರಡು ಥರದ ಪ್ರೋಟೀನು ಅವೆ. ನೀರು ತಾಗಿ ನಾದಿದ್ರೆ ಅವು ಒಂದಕ್ಕೊಂದು ಹೆಣಕೊಂಡು ರಬ್ಬರಿನಂಗೆ ಎಳೆಯಾಗ್ತವೆ. ಅದಕ್ಕೇ ಗ್ಲುಟೆನ್ ಅನ್ನೋದು. ಯೀಸ್ಟ್ ಬುಡೋ ಗಾಳಿ ಹೊರಗೋಗದಂಗೆ ಆ ಎಳೆ ಬಲೂನಿನಂಗೆ ಹಿಡ್ಕೋತದೆ, ಹಿಟ್ಟು ಉಬ್ತದೆ. ರಾಗೀಲಿ ಆ ಗ್ಲುಟೆನ್ನೇ ಇಲ್ಲ. ಅದಕ್ಕೇ ತಣ್ಣೀರಲ್ಲಿ ರಾಗಿಹಿಟ್ಟನ್ನ ಎಷ್ಟೇ ನಾದಿದ್ರೂ ಅದು ಎಳೆ ಬುಡಲ್ಲ, ಬಿರೀತದೆ. ಮರಳೋ ಎಸರಲ್ಲಿ ಬೆಂದಾಗ ಅದರೊಳಗಿನ ಪಿಷ್ಟ ನೀರು ಕುಡ್ಕೊಂಡು ಉಬ್ಬಿ ಅಂಟಾಯ್ತದಲ್ಲ, ಮುದ್ದೆ ನಿಲ್ಲೋದು ಅದರಿಂದ. ರಾಗಿಗೆ ಬೆಂಕಿ ಬೇಕು, ಗೋಧಿಗೆ ನಾದೋದು ಬೇಕು. ಇಷ್ಟೇ.

ಮೈದಾ ಅಂದ ತಕ್ಷಣ ಅತ್ತೆ ಮೂಗು ಮುರಿದ್ರು. "ರಾಗಿ ಉಂಡ ಮನೇಲಿ ಇದೆಂಥಾ ಪರದೇಸಿ ಊಟ?" ಅಂದ್ರು. ಆಗ ಇವ್ರು ನಗ್ತಾ, "ಅವ್ವ, ನಮ್ಮಪ್ಪ ಬಿತ್ತುತಿದ್ದ ಇಂಡಾಫ್ ರಾಗಿ ಎಲ್ಲಿಂದು?" ಅಂದ್ರು. ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ತಳಿ ಮಾಡಿದ್ರಲ್ಲ, ಇಂಡಿಯಾದ್ದು ಅರ್ಧ, ಆಫ್ರಿಕಾದ್ದು ಅರ್ಧ ಹೆಸರು ಸೇರ್ಸಿ ಇಂಡಾಫ್ ಅಂತ ಇಟ್ಟಿದ್ದು. ಅಸಲಿಗೆ ರಾಗಿಯ ಮೂಲವೇ ಆಫ್ರಿಕಾ ಅಂತಾರೆ ತಿಳಿದೋರು. ಪಿಜ್ಜಾ ಮೇಲೆ ಹಾಕೋ ಟೊಮೇಟೊನೂ, ನಮ್ಮ ಸಾರಿನ ಮೆಣಸಿನಕಾಯೂ ಅಮೆರಿಕದ ಕಡೆಯಿಂದ ಹಡಗು ಹತ್ತಿ ಬಂದಿದ್ದು. ಅತ್ತೆ, "ಬಂದದ್ದು ಬರಲಿ, ಹದವಾಗಿ ಬೆಂದು ಬರಲಿ" ಅಂದು ಸುಮ್ಮನಾದ್ರು.

ನಾಗಮಂಗಲದಲ್ಲಿ ಎರಡು ಅಂಗಡೀಲಿ ಯೀಸ್ಟ್ ಕೇಳಿಸ್ದೆ, ಸಿಗಲಿಲ್ಲ. ಮಗ ಮಂಡ್ಯದಿಂದ ಒಂದು ಸಣ್ಣ ಪಾಕೀಟು ತಂದ. ಸಾಸಿವೆಗಿಂತ ಸಣ್ಣ ಕಾಳು, ಕಂದುಬಣ್ಣ. ಅದು ಜೀವ ಇರೋ ವಸ್ತು. ಒಣಗಿ ನಿದ್ದೆ ಹೋಗಿರ್ತದೆ, ನೀರೂ ಒಸಿ ಸಕ್ಕರೇನೂ ಸಿಕ್ರೆ ಎದ್ದು ಕೂರ್ತದೆ. ಅದು ಹಿಟ್ಟಿನ ಸಿಹಿ ತಿಂದು ಗಾಳಿ ಬುಡ್ತದೆ. ನಮ್ಮ ಇಡ್ಲಿ ಹಿಟ್ಟು ರಾತ್ರಿಯೆಲ್ಲಾ ಉಬ್ಬೋದೂ ಕಣ್ಣಿಗೆ ಕಾಣದ ಇಂಥಾ ಜೀವಗಳಿಂದಲೇ, ಅಲ್ಲಿ ಅವು ಉದ್ದು ಅಕ್ಕಿ ಜೊತೇಲೇ ಬರ್ತವೆ, ಇಲ್ಲಿ ಪಾಕೀಟಿನಲ್ಲಿ ಬರ್ತವೆ. ಹಾಲಿಗೆ ಹೆಪ್ಪು ಹಾಕೋರಿಗೆ ಇದು ಹೊಸದೇ ಅಲ್ಲ. ಹಾಲು ಉಗುರು ಬೆಚ್ಚಗೆ ಇರಬೇಕು ಅಂತೀವಲ್ಲ, ಇಲ್ಲೂ ಅದೇ. ಬಿಸಿ 60 ಡಿಗ್ರಿಗೆ ಹೋದ್ರೆ ಯೀಸ್ಟ್ ಸತ್ತೋಯ್ತದೆ. ಬೆರಳದ್ದಿದ್ರೆ ಹಿತವಾಗಿರೋ ನೀರು ಸಾಕು. ನನ್ನ ಅನುಮಾನಕ್ಕೆ ಮೊದಲು ಒಂದು ಲೋಟದಲ್ಲಿ ಬೆಚ್ಚನೆ ನೀರು, ಅರ್ಧ ಚಮಚ ಸಕ್ಕರೆ, ಒಂದು ಚಿಟಿಕೆ ಯೀಸ್ಟ್ ಹಾಕಿ ಮಡಗ್ದೆ. ಹತ್ತು ನಿಮಿಷಕ್ಕೆ ಮೇಲೆ ನೊರೆ ಕಟ್ತು. ಅತ್ತೆ ಮೂಸಿ ನೋಡಿ, "ಹೆಂಡದ ವಾಸನೆ ಕಣಮ್ಮಿ" ಅಂದ್ರು. ಸರಿಯಾಗೇ ಹೇಳಿದ್ರು. ಹೆಂಡ ಹುಳಿಸೋದೂ ಯೀಸ್ಟೇ.

ಭಾನುವಾರ ಹತ್ತು ಗಂಟೆಗೆ ಶುರು ಮಾಡ್ದೆ. ಅಳತೆ ಬರ್ಕೊಳ್ಳಿ. ಮೈದಾ 300 ಗ್ರಾಂ. ನೀರು 190 ಮಿಲಿ. ಉಪ್ಪು ಒಂದು ಟೀ ಚಮಚ, ಸಕ್ಕರೆ ಒಂದು ಟೀ ಚಮಚ, ಎಣ್ಣೆ ಒಂದು ದೊಡ್ಡ ಚಮಚ, ಯೀಸ್ಟ್ ಒಂದು ಟೀ ಚಮಚ. ಮೊದಲು ನೀರು, ಅದಕ್ಕೆ ಉಪ್ಪು, ಸಕ್ಕರೆ, ಎಣ್ಣೆ. ಮೇಲೆ ಮೈದಾ. ಮೈದಾ ಮಧ್ಯದಲ್ಲಿ ಬೆರಳಲ್ಲಿ ಗುಳಿ ಮಾಡಿ ಅದರಲ್ಲಿ ಯೀಸ್ಟ್. ಉಪ್ಪಿಗೂ ಯೀಸ್ಟಿಗೂ ಮೊದಲೇ ನೇರ ತಾಗದಂಗೆ ಈ ಉಪಾಯ. ನಮ್ಮ ಅಡುಗೇಲಿ ಎಲ್ಲಾ ಕಣ್ಣಳತೆ, ಕೈಯಳತೆ. ಇಲ್ಲಿ ಮಾತ್ರ ಮಗಳು ತಕ್ಕಡಿ ಹಿಡಿದು ಗ್ರಾಂ ಲೆಕ್ಕ ಹೇಳ್ತಾ ಕೂತಿದ್ಲು. ಬಂಗಾರದಂಗಡೀಲಿ ಕೂತಂಗಿತ್ತು.

ನಂಬರು ಒತ್ತಿದೆ. ಎದೆ ಡವಡವ ಅಂತಿತ್ತು, ಸುಳ್ಳು ಯಾಕೆ ಹೇಳಲಿ. ಡಬ್ಬ ಒಂದು ಸಲ ಗುರ್ ಅಂದು ನಿಂತು, ಮತ್ತೆ ಗುರ್ ಅಂದು, ಆಮೇಲೆ ಒಂದೇ ಸಮ ತಿರುಗಕ್ಕೆ ಹಿಡೀತು. ಮೊದಲು ಪುಡಿಪುಡಿ. ಆಮೇಲೆ ಚೂರುಚೂರು. ಐದು ನಿಮಿಷಕ್ಕೆ ಒಂದು ಉಂಡೆ ಆಗೋ ಹಂಗೆ ಕಾಣ್ತು, ಆದ್ರೆ ಮೈಮೇಲೆ ಬಿರುಕು, ತಳದಲ್ಲಿ ಒಣಹಿಟ್ಟು. ಈ ಹೊತ್ತಲ್ಲಿ ಮುಚ್ಚಳ ತೆಗೆದು ನೋಡಿ, ಗಟ್ಟಿಯಿದ್ರೆ ಒಂದು ಚಮಚ ನೀರು, ಅಂಟುತಿದ್ರೆ ಒಂದು ಚಮಚ ಹಿಟ್ಟು ಹಾಕಿ ಅಂತ ಪುಸ್ತಕದಲ್ಲಿತ್ತು. ಎಷ್ಟು ಹಾಕಬೇಕು ಅಂತ ಮಾತ್ರ ಬರೆದಿರಲಿಲ್ಲ. ಅದು ಬರೆಯಕ್ಕೆ ಆಗೋ ಮಾತಲ್ಲ. ಮೈದಾ ಹಳೇದೋ ಹೊಸದೋ, ಗಾಳಿ ಒಣಗಿದೆಯೋ ತೇವ ಅದೆಯೋ, ಅದರ ಮೇಲೆ ಹೋಯ್ತದೆ.

ನಾನು ಮುಚ್ಚಳ ತೆಗೆದೆ. ಎಡಗೈ ಬೆರಳಲ್ಲಿ ಮುಟ್ದೆ. ಮುಟ್ಟಿದ ತಕ್ಷಣ ನನಗೆ ಗೊತ್ತಾಗೋಯ್ತು, ಇದಕ್ಕೆ ಇನ್ನೂ ಒಂದೂವರೆ ಚಮಚ ನೀರು ಬೇಕು. ಯಾರೂ ಹೇಳಿಕೊಟ್ಟಿದ್ದಲ್ಲ. ಹತ್ತೊಂಬತ್ತು ವರ್ಷ ರಾಗಿ, ಗೋಧಿ, ಅಕ್ಕಿಹಿಟ್ಟು ಮುಟ್ಟಿದ ಬೆರಳು ಹೇಳ್ತು. ಹನಿ ಹನಿ ನೀರು ಬುಟ್ಟೆ. ಎರಡು ನಿಮಿಷಕ್ಕೆ ಉಂಡೆ ನುಣ್ಣಗಾಗಿ, ಪಾತ್ರೆ ಗೋಡೆ ಬುಟ್ಟು, ಎಳೆಕರು ನೆಗೆದಂಗೆ ಒಳಗೇ ನೆಗೆಯಕ್ಕೆ ಹಿಡೀತು. ಮೆಷೀನಿಗೆ ಬಲ ಅದೆ, ಹದ ಗೊತ್ತಿಲ್ಲ. ಹದ ನನ್ನ ಹತ್ರ ಅದೆ. ಅದು ಮಣಿಕಟ್ಟಿನ ಜೊತೆ ಮುರಿದಿರಲಿಲ್ಲ.

ಹದಿಮೂರನೇ ನಿಮಿಷಕ್ಕೆ ಕರೆಂಟು ಹೋಯ್ತು.

ಮೋಟಾರು ಸದ್ದು ನಿಂತಿದ್ದೇ ಮನೆಯೆಲ್ಲಾ ಸ್ತಬ್ಧ ಆದಂಗಾಯ್ತು. ಮಗಳು ಅಳೋ ಮುಖ ಮಾಡಿದ್ಲು. ಹತ್ತು ನಿಮಿಷದೊಳಗೆ ಬಂದ್ರೆ ನಿಂತ ಕಡೆಯಿಂದಲೇ ಶುರುವಾಯ್ತದೆ ಅಂತ ಪುಸ್ತಕದಲ್ಲಿತ್ತು. ಹತ್ತಾಯ್ತು, ಹನ್ನೆರಡಾಯ್ತು, ಬರಲಿಲ್ಲ. ಮಗ, "ಹೋಗ್ಲಿ ಬುಡವ್ವ, ಬಿಸಾಕು" ಅಂದ. ಮುನ್ನೂರು ಗ್ರಾಂ ಹಿಟ್ಟು ಬಿಸಾಕೋ ಮನೆಯಲ್ಲ ನಮ್ಮದು.

ಅತ್ತೆ ಎದ್ದು ಬಂದ್ರು. ಪಾತ್ರೇನ ಹೊರಗೆ ತಗುದು, ಕೈಗೆ ಎಣ್ಣೆ ಸವರ್ಕೊಂಡು, ಹಿಟ್ಟನ್ನ ಮಣೆ ಮೇಲೆ ಹಾಕ್ಕೊಂಡು ಒಂದು ತುದಿ ಹಿಡಿದು ಎಳೆದ್ರು. ಒಂದು ಗೇಣು ಬಂದು ಹರೀತು. ಮತ್ತೆ ಎಳೆದ್ರು. ನನ್ನ ಮುಖ ನೋಡಿ, "ಇದು ಒಬ್ಬಟ್ಟಿನ ಕಣಕ ಅಲ್ವೇನವ್ವಾ? ಇದಕ್ಕೆ ಇಷ್ಟು ಹೆದರ್ತಾ ಇದ್ಯಾ?" ಅಂದ್ರು.

ಕಣಕ! ಒಂದು ತಿಂಗಳಿಂದ ಪರದೇಸಿ ಪದಾರ್ಥ ಅಂತ ಹೆದರಿಕೊಂಡು ಕೂತಿದ್ದೀನಲ್ಲ, ಯುಗಾದಿಗೆ ಯುಗಾದಿಗೆ ಮೈದಾ, ಚಿರೋಟಿ ರವೆ ಕಲಸಿ, ಎಣ್ಣೇಲಿ ಮುಳುಗಿಸಿ ಎರಡು ಗಂಟೆ ನೆನೆಯಕ್ಕೆ ಬುಡ್ತೀವಲ್ಲ, ಅದೇ ಇದು. ಆಗ ಎಣ್ಣೇಲಿ ನೆಂದ ಕಣಕ ಎಳೆದ್ರೆ ಹರಿಯದಂಗೆ ಪರದೆ ಥರ ಬರ್ತದೆ. ಯಾರೂ ಅದನ್ನ ಅಷ್ಟೊತ್ತೂ ನಾದ್ತಾ ಕೂರಲ್ಲ. ನೆನೀತಾ ನೆನೀತಾ ಅದೇ ಎಳೆ ಕಟ್ಕೋತದೆ. ಕಣಕ ಹೂರಣ ತುಂಬ್ಕೋತದೆ, ಪಿಜ್ಜಾ ಹಿಟ್ಟು ಗಾಳಿ ತುಂಬ್ಕೋತದೆ. ನಡುವೆ ಯೀಸ್ಟ್ ಒಂದೇ ವ್ಯತ್ಯಾಸ.

ಗೊತ್ತಾದ ಮೇಲೆ ದಾರಿ ಸುಲಭ ಆಯ್ತು. ಎಣ್ಣೆ ಸವರಿದ ಬೋಗುಣೀಲಿ ಹಿಟ್ಟು ಮಡಗಿ ಒದ್ದೆಬಟ್ಟೆ ಮುಚ್ಚಿದ್ವಿ. ಕಾಲುಗಂಟೆಗೆ ಒಂದು ಸಲ ಒಂದು ಕಡೆ ತುದಿ ಎಳೆದು ನಡುವಿಗೆ ಮಡಚೋದು, ಬೋಗುಣಿ ತಿರುಗಿಸೋದು, ಇನ್ನೊಂದು ತುದಿ ಎಳೆದು ಮಡಚೋದು. ಸೀರೆ ಮಡಚಿದಂಗೆ ನಾಕು ಕಡೆ. ಇದಕ್ಕೆ ರಟ್ಟೆ ಬೇಡ, ಮಣಿಕಟ್ಟೂ ಬೇಡ, ಬರೀ ಬೆರಳು. ಮೊದಲ ಸಲ ಅತ್ತೆ ಮಡಚಿದ್ರು. ಎರಡನೇ ಸಲಕ್ಕೆ ಅವರು ಬೋಗುಣಿ ನನ್ನ ಕಡೆ ತಳ್ಳಿ, "ಬಲಗೈಲೇ ಮಾಡು. ಮೆತ್ತಗಿರೋದು ಹಿಸುಕು ಅಂದವ್ರಲ್ಲ ಡಾಕ್ಟ್ರು" ಅಂದು ಎದ್ದು ಹೋದ್ರು.

ಮಾಡ್ದೆ. ಮೂರು ತಿಂಗಳ ಮೇಲೆ ಆ ಕೈ ಹಿಟ್ಟು ಮುಟ್ತು. ಬೆರಳು ನಡುಗ್ತಿದ್ವು, ಒಸಿ ನೋವೂ ಇತ್ತು. ಹಿಟ್ಟು ಬೆಚ್ಚಗಿತ್ತು. ಮೂರನೇ ಸಲ ಮಡಚೋ ಹೊತ್ತಿಗೆ ಅದು ಎಳೆದಷ್ಟೂ ಬರ್ತಿತ್ತು, ಹರೀತಿರಲಿಲ್ಲ. ಅಡುಗೆಮನೇಲಿ ಯಾರೂ ಇರಲಿಲ್ಲ. ಕಣ್ಣು ತುಂಬ್ಕೊಂತು, ಭುಜಕ್ಕೆ ಒರೆಸ್ಕೊಂಡೆ.

ಅಷ್ಟೊತ್ತಿಗೆ ಕರೆಂಟು ಬಂತು. ಮಗಳು ಮತ್ತೆ ಮೆಷೀನಿಗೆ ಹಾಕೋಣ ಅಂದ್ಲು. ನಾನು ಬೇಡ ಅಂದೆ. ಉಬ್ಬೋದಕ್ಕೆ ಕರೆಂಟು ಬೇಕಿಲ್ಲ, ಬೆಚ್ಚಗಿದ್ರೆ ಸಾಕು. ಶಿವರಾತ್ರಿ ಕಳೆದ ಬಿಸಿಲು, ಒಲೆ ಮಗ್ಗುಲು ಬೇರೆ. ಮುಕ್ಕಾಲು ಗಂಟೇಲಿ ಹಿಟ್ಟು ಎರಡರಷ್ಟಾಗಿ ಒದ್ದೆಬಟ್ಟೇನೇ ಎತ್ತಿತ್ತು. ಬೆರಳದ್ದಿ ಒತ್ತಿದ್ರೆ ಗುಳಿ ನಿಧಾನಕ್ಕೆ ಒಸಿ ಮೇಲೆ ಬಂದು ನಿಲ್ತು. ಉಬ್ಬಿರೋದಕ್ಕೆ ಅದೇ ಗುರುತು. ಗುಳಿ ಚಟಕ್ಕನೆ ಮುಚ್ಕೊಂಡ್ರೆ ಇನ್ನೂ ಹೊತ್ತು ಬೇಕು ಅಂತ.

ನಮ್ಮನೇಲಿ ಓವನ್ ಇಲ್ಲ. ಹಿಟ್ಟನ್ನ ನಾಕು ಉಂಡೆ ಮಾಡಿ, ಅಕ್ಕಿರೊಟ್ಟಿ ತಟ್ಟೋ ಹಂಗೆ ಎಣ್ಣೆ ಹಚ್ಚಿದ ಬಾಳೆಎಲೆ ಮೇಲೆ ಬೆರಳಲ್ಲೇ ತಟ್ಟಿದೆ. ಲಟ್ಟಣಿಗೆ ಹಾಕಿದ್ರೆ ಕಷ್ಟಪಟ್ಟು ತುಂಬಿದ ಗಾಳಿಯೆಲ್ಲಾ ಹೊರಟೋಯ್ತದೆ. ದಪ್ಪ ತಳದ ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಿಸಿ, ಉರಿ ಸಣ್ಣ ಮಾಡಿ, ಒಂದು ಮಗ್ಗುಲು ಎರಡು ನಿಮಿಷ ಬೇಯಿಸ್ದೆ. ತಿರುವಿ ಹಾಕಿ, ಬೆಂದ ಮಗ್ಗುಲಿನ ಮೇಲೆ ಟೊಮೇಟೊ ಗೊಜ್ಜು ಸವರ್ದೆ. ಟೊಮೇಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಹಾಕಿ ನೀರು ಇಂಗೋ ಗಂಟ ಬೇಯಿಸಿದ್ದು. ಗೊಜ್ಜು ನೀರಾಗಿದ್ರೆ ಹಿಟ್ಟು ಹಸಿ ಉಳೀತದೆ. ಮೇಲೆ ಈರುಳ್ಳಿ, ದಪ್ಪಮೆಣಸಿನಕಾಯಿ, ಚೀಸು. ಮುಚ್ಚಳ ಮುಚ್ಚಿ ಸಣ್ಣ ಉರೀಲಿ ಐದಾರು ನಿಮಿಷ. ಚೀಸು ಕರಗಿ ತಳ ಕೆಂಪಗಾದ್ರೆ ಆಯ್ತು.

ಮಕ್ಕಳು ಮೊದಲೆರಡನ್ನ ನಿಂತ್ಕೊಂಡೇ ಮುಗಿಸಿದ್ರು. ಮೂರನೇದು ಇವ್ರಿಗೆ. ನಾಕನೇದು ನಾನೂ ಅತ್ತೇನೂ ಹಂಚ್ಕೊಂಡ್ವಿ. ಅತ್ತೆ ಒಂದು ಚೂರು ಮುರಿದು ಬಾಯಿಗೆ ಹಾಕ್ಕೊಂಡು ಮೆಲ್ಲಗೆ ಅಗಿದ್ರು. ಎಲ್ಲರೂ ಅವರ ಬಾಯೇ ನೋಡ್ತಾ ಇದ್ವಿ. "ಚೆನ್ನಾಗದೆ. ಬೆಳಗ್ಗೆ ಬಸ್ಸಾರು ಮಿಕ್ಕಿತ್ತಲ್ಲ, ಒಸಿ ಬುಡು" ಅಂದ್ರು. ಹುರುಳಿಕಾಳಿನ ಬಸ್ಸಾರಲ್ಲಿ ಪಿಜ್ಜಾ ಅದ್ಕೊಂಡು ಉಂಡೋರು ನಮ್ಮ ದೇವಲಾಪುರದಲ್ಲಿ ಅವರೇ ಮೊದಲಿರಬೇಕು. ನಾನೂ ಅದ್ಕೊಂಡೆ. ನಿಜವಾಗ್ಲೂ ಚೆನ್ನಾಗಿತ್ತು.

ಪಿಜ್ಜಾ ಹುಟ್ಟಿದ ಊರು ಇಟಲಿಯ ನೇಪಲ್ಸ್. ಅಲ್ಲಿ ಪಿಜ್ಜಾ ತಟ್ಟಿ ಬೇಯಿಸೋರ ಕೈಕೆಲಸವನ್ನ ಯುನೆಸ್ಕೊ 2017ರಲ್ಲಿ ಮನುಕುಲದ ಪರಂಪರೆ ಅಂತ ಪಟ್ಟಿಗೆ ಸೇರಿಸ್ತು. ತಿಂಡೀನಲ್ಲ, ಮಾಡೋ ಕಲೇನ. ಇದನ್ನ ಓದಿದಾಗ ನನಗೆ ನಮ್ಮ ಕೇರಿ ಹೆಂಗಸರೆಲ್ಲಾ ಕಣ್ಮುಂದೆ ಬಂದ್ರು. ಒಂದು ಗಂಟಿಲ್ಲದಂಗೆ ಮುದ್ದೆ ತಿರುವೋದನ್ನ ಯಾರೂ ಯಾವ ಪಟ್ಟಿಗೂ ಸೇರಿಸಲಿಲ್ಲ, ನಾವೂ ಅದನ್ನ ಕಲೆ ಅಂದ್ಕೊಂಡಿಲ್ಲ. ಕೈ ಮುರಿದಾಗ ಮಾತ್ರ ಏನು ಹೋಯ್ತು ಅಂತ ತಿಳೀತದೆ. ಏನು ಹೋಗಲಿಲ್ಲ ಅಂತಲೂ ಆಗಲೇ ತಿಳೀತದೆ.

ಆ ಭಾನುವಾರದಿಂದ ಇದುವರೆಗೂ ಎಂಟು ಸಲ ಮಾಡಿದ್ದೀನಿ. ಮಾಡೋ ಮನಸಿರೋರಿಗೆ ನಾಕು ಮಾತು. ಬೇಸಿಗೇಲಿ ಬೆಚ್ಚನೆ ನೀರು ಬೇಡ, ಕೊಡದ ತಣ್ಣೀರೇ ಸಾಕು, ಇಲ್ಲದಿದ್ರೆ ಹಿಟ್ಟು ಬೇಗ ಉಬ್ಬಿ ಹುಳಿಯಾಯ್ತದೆ. ಚಳಿಗಾಲದಲ್ಲಿ ಇನ್ನೂ ಅರ್ಧ ಗಂಟೆ ಜಾಸ್ತಿ ಬುಡಿ. ಪಾಕೀಟು ಒಡೆದ ಮೇಲೆ ಯೀಸ್ಟನ್ನ ಗಾಳಿ ಆಡದ ಡಬ್ಬೀಲಿ ಹಾಕಿ ಫ್ರಿಜ್ಜಲ್ಲಿ ಮಡಗಿ. ಮಿಕ್ಕ ಹಿಟ್ಟಿಗೆ ಎಣ್ಣೆ ಸವರಿ ಮುಚ್ಚಿ ಫ್ರಿಜ್ಜಲ್ಲಿಟ್ರೆ ಮಾರನೇ ದಿನಕ್ಕೆ ರುಚಿ ಇನ್ನೂ ಚೆನ್ನಾಗಿರ್ತದೆ, ಹೊರಗೆ ತಗುದು ಒಂದು ಗಂಟೆ ಬುಟ್ಟು ತಟ್ಟಿ. ಮೆಷೀನಿನ ಅಲಗು ತೊಳೆಯೋವಾಗ ಅದರ ತೂತಿನಲ್ಲಿ ಕಚ್ಚಿರೋ ಹಿಟ್ಟು ನೋಡ್ಕೊಳ್ಳಿ, ಒಣಗಿದ್ರೆ ಸಿಮೆಂಟಾಯ್ತದೆ. ಒಸಿ ನೀರು ಹಾಕಿ ನೆನೆಯಕ್ಕೆ ಬುಟ್ರೆ ಬಂದ್ಬುಡ್ತದೆ.

ರಾಗೀನೂ ಸೇರಿಸಿ ನೋಡ್ದೆ. 300 ಗ್ರಾಮಲ್ಲಿ 75 ಗ್ರಾಂ ರಾಗಿಹಿಟ್ಟು, ಉಳಿದದ್ದು ಮೈದಾ. ರಾಗಿ ನೀರು ಜಾಸ್ತಿ ಕುಡೀತದೆ, ಇನ್ನೊಂದೆರಡು ಚಮಚ ಬೇಕಾಯ್ತದೆ. ಅಷ್ಟು ಎತ್ತರ ಉಬ್ಬಲ್ಲ, ಗ್ಲುಟೆನ್ ಕಮ್ಮಿ ಆಗ್ತದಲ್ಲ. ಆದ್ರೆ ಕಾವಲಿ ಮೇಲೆ ಬಿದ್ದಾಗ ಬರೋ ಘಮ ನಮ್ಮದು. ಅದರ ಮೇಲೆ ಬಾಡಿಸಿದ ಸಬ್ಬಸಿಗೆ ಸೊಪ್ಪು, ಈರುಳ್ಳಿ ಹಾಕಿದ್ರೆ ಅತ್ತೆ ಒಂದು ಪೂರ್ತಿ ಉಣ್ತಾರೆ. ಅರ್ಧಕ್ಕಿಂತ ಜಾಸ್ತಿ ರಾಗಿ ಮಾತ್ರ ಹಾಕಬೇಡಿ, ತಟ್ಟೋವಾಗ ಅಂಚು ಬಿರೀತದೆ.

ಕೈ ವಿಷಯ ಕೇಳೋರಿಗೆ: ಮಣಿಕಟ್ಟು ಈಗ ಮುಕ್ಕಾಲು ತಿರುಗ್ತದೆ. ದಿನಾ ಒಂದು ನಿಂಬೆಗಾತ್ರದ ಹಿಟ್ಟು ಹಿಸುಕ್ತೀನಿ, ಡಾಕ್ಟ್ರು ಕೊಟ್ಟ ರಬ್ಬರ್ ಉಂಡೆಗಿಂತ ಅದೇ ಹಿತ. ಮುದ್ದೆ ಕೋಲು ಇನ್ನೂ ಪೂರ್ತಿ ನನ್ನ ಕೈಗೆ ಬಂದಿಲ್ಲ. ಇಬ್ಬರಿಗಾಗೋಷ್ಟು ತಿರುವಬಲ್ಲೆ, ಐದು ಜನಕ್ಕೆ ಆಗಲ್ಲ. ಅದಕ್ಕೆ ಬೆಳಗ್ಗಿನ ಮುದ್ದೆ ಮಗ ತಿರುವ್ತಾನೆ. ಹೌದು, ಮಗನೇ. ಅತ್ತೆ ಪಕ್ಕದಲ್ಲಿ ನಿಂತು ಹೇಳಿಕೊಡ್ತಾರೆ, ಅವರ ಭುಜಕ್ಕೂ ರಜ. ಮೊದಲ ವಾರ ಗಂಟುಮುದ್ದೆ ಉಂಡ್ವಿ, ಈಗ ಪರವಾಗಿಲ್ಲ.

ಎದುರುಮನೆ ಅಕ್ಕನಿಗೆ ಬೆರಳ ಗಂಟೆಲ್ಲಾ ಊದ್ಕೊಂಡು ಬಹಳ ದಿನದಿಂದ ನೋವು. ಒಂದಿನ ಬಂದು ಮೆಷೀನು ಮುಟ್ಟಿ ನೋಡಿ, "ಇದ್ರಲ್ಲಿ ಹಿಟ್ಟು ತಿರುವಬೌದಾ?" ಅಂದ್ರು. ಆಗಲ್ಲಕ್ಕ, ಮುದ್ದೆಗೆ ಬೆಂಕಿ ಬೇಕು ಅಂದೆ. ಮುಖ ಸಪ್ಪಗಾಯ್ತು. "ಚಪಾತಿ ಹಿಟ್ಟು?" ಅಂದ್ರು. ಅದು ಆಯ್ತದೆ. ಬರೀ ನಾದೋ ಗಂಟ ಬುಟ್ಟು ಕಾಲುಗಂಟೇಲಿ ನಿಲ್ಲಿಸಿದ್ರೆ ಸೈ. ಈಗ ಮಂಗಳವಾರ, ಶುಕ್ರವಾರ ಸಂಜೆ ಅವರು ಗೋಧಿಹಿಟ್ಟಿನ ಡಬ್ಬ ಹಿಡ್ಕೊಂಡು ಬರ್ತಾರೆ. ಮೆಷೀನು ನಾದ್ತದೆ, ನಾನು ಮುಚ್ಚಳ ತಗುದು ನೀರು ಹಾಕ್ತೀನಿ, ಅಕ್ಕ ಜಗಲಿ ಮೇಲೆ ಕೂತು ಅತ್ತೆ ಜೊತೆ ಮಾತಾಡ್ತಾರೆ. ನಿಮ್ಮಲ್ಲಿ ಯಾರಿಗಾದ್ರೂ ಕೈ ನೋವಿದ್ರೆ ಸಂಕೋಚ ಬೇಡ, ಹಿಟ್ಟು ತಗೊಂಡು ಬನ್ನಿ. ಕರೆಂಟು ಇರೋ ಹೊತ್ತು ನೋಡ್ಕೊಂಡು ಬನ್ನಿ ಅಷ್ಟೇ.